ಹಾಡದೆ ಬಿಟ್ಟ ಕೊನೆಯ ಚರಣ

ಬಡವನಹಳ್ಳಿಯ ಬಸ್‌ಸ್ಟಾಪಿನ ಎದುರು ಒಂದು ಬೇಕರಿ ಇದೆ. ಸಿರಾಕ್ಕೆ ಹೋಗುವ ಬಸ್ಸು ಮೊನ್ನೆ ಅಲ್ಲಿ ನಿಂತಾಗ ಕಿಟಕಿಯಿಂದ ನನ್ನದೇ ದನಿ ಒಳಗೆ ಬಂತು. ಗಾಜಿನ ಕಪಾಟಿನ ಮೇಲೆ ಬೇಕರಿಯವನು ಇಟ್ಟಿದ್ದ ಸ್ಪೀಕರಿನಲ್ಲಿ ನಾನು ತೆಲುಗಿನಲ್ಲಿ ಹಾಡುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಹಾಡಿಗೆ ತಕ್ಕಂತೆ ಕಾಲು ಕುಣಿಸುತ್ತಿದ್ದಳು. ಹಾಡಿದವಳು ತನ್ನ ತೋಳಿಗೆ ತೋಳು ತಾಗಿಸಿಕೊಂಡು ಕೂತಿದ್ದಾಳೆಂದು ಅವಳಿಗೇನು ಗೊತ್ತು? ಎರಡನೇ ಚರಣ ಮುಗಿಯಿತು, ಪಲ್ಲವಿ ಮತ್ತೊಮ್ಮೆ ಬಂತು, ಹಾಡು ನಿಂತಿತು. ನಾನು ಉಸಿರು ಬಿಗಿಹಿಡಿದೆ.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸದ್ದಿಲ್ಲದ ಒಂದೆರಡು ಗಳಿಗೆ ಇರುತ್ತದೆ. ಆ ಗಳಿಗೆಯಲ್ಲಿ ಅಲ್ಲೊಬ್ಬ ಹೆಂಗಸು ಬಂದು ನಿಲ್ಲುತ್ತಾಳೆ. ಅವಳ ಮುಖವನ್ನು ನಾನು ನೋಡಿಲ್ಲ, ಫೋಟೋದಲ್ಲಿ ಕೂಡ. ಗೊತ್ತಿರುವುದು ಅವಳ ಹೆಸರು ಮಾತ್ರ. ಆ ಹೆಸರನ್ನು ಹತ್ತು ಹಾಡಿನಿಂದಲೂ ಕತ್ತರಿಸಿ ಎಸೆದವಳು ನಾನೇ.

ಅದನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. ಉಳಿದವರ ಹೆಸರನ್ನೂ ಬರೆಯುವುದಿಲ್ಲ. ಅವಳದೇ ಇಲ್ಲದ ಮೇಲೆ ನಮ್ಮದು ಯಾಕೆ?

ನಾನು ಮಧುಗಿರಿಯವಳು. ಕೋಟೆ ಕಡೆಗೆ ಹೋಗುವ ಬೀದಿಯಲ್ಲಿ ಅಪ್ಪನಿಗೆ ವಿಭೂತಿ, ಕರ್ಪೂರ, ಊದುಬತ್ತಿ ಮಾರುವ ಅಂಗಡಿ ಇತ್ತು. ಅಂಗಡಿಯಲ್ಲಿ ಕೂತು ವಚನ ಹಾಡಿಕೊಂಡಿದ್ದ ಹುಡುಗಿ ಆರ್ಕೆಸ್ಟ್ರಾ ಸೇರಿದಳೆಂದು ನಮ್ಮ ನೆಂಟರೆಲ್ಲ ಮುಖ ಗಂಟಿಕ್ಕಿಕೊಂಡರು. ಆಮೇಲೆ ತಮ್ಮ ತಮ್ಮ ಮಕ್ಕಳ ಆರತಕ್ಷತೆಗೆ ಅದೇ ಹುಡುಗಿಯನ್ನು ಕರೆಸಿ, ಮೊದಲ ಸಾಲಿನಲ್ಲಿ ಕೂತು, ನಮ್ಮ ಹುಡುಗಿ ನಮ್ಮ ಹುಡುಗಿ ಎಂದು ಬೀಗಿದರು. ಇಪ್ಪತ್ತು ವರ್ಷದಿಂದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಲ್ಯಾಣಮಂಟಪಗಳಲ್ಲಿ ನಾನು ಹತ್ತದ ವೇದಿಕೆ ಇಲ್ಲ.

ವೇದಿಕೆಯ ಹಾಡಿಗೆ ಒಂದು ಕ್ರಮವಿದೆ. ಪಲ್ಲವಿ, ಒಂದು ಚರಣ, ಜನಕ್ಕೆ ಹಿಡಿಸಿತು ಅಂದರೆ ಇನ್ನೊಂದು ಚರಣ, ಅಲ್ಲಿಗೆ ಮುಗಿಯಿತು. ಮೂರನೆಯದಕ್ಕೆ ಕಾದರೆ ಜನ ಊಟದ ಪಂಕ್ತಿಗೆ ಜಾಗ ಹಿಡಿಯಲು ಎದ್ದುಬಿಡುತ್ತಾರೆ. ಹಾಡುವವಳ ಎದುರಿಗೇ ಖಾಲಿ ಕುರ್ಚಿಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಅದಕ್ಕೇ ನಮ್ಮ ಕೀಬೋರ್ಡ್‌ನವನು ಹಾಲ್ ಮೇಲೆ ಒಂದು ಕಣ್ಣಿಟ್ಟು, ಸರಿಯಾದ ಹೊತ್ತಿಗೆ ಎಡಗೈಯ ತೋರುಬೆರಳು ಎತ್ತುತ್ತಾನೆ. ಬೆರಳು ಎದ್ದರೆ ಪಲ್ಲವಿಗೆ ಬಂದು ಮುಗಿಸಬೇಕು. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯಲ್ಲಿ ಯಾರಾದರೂ ಮಾತಿನ ಮಧ್ಯೆ ಬೆರಳೆತ್ತಿದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನನ್ನ ಗಂಡ ಇದನ್ನು ಕಂಡುಕೊಂಡು ಬಹಳ ದಿನ ಲಾಭ ಮಾಡಿಕೊಂಡರು.

ಈ ಕೀಬೋರ್ಡ್‌ನವನು ಸಿರಾದವನು. ಮನೆಮಾತು ಉರ್ದು, ಬಾಯಿ ತೆರೆದರೆ ಕನ್ನಡ, ಕಿವಿಯಲ್ಲಿ ಮಾತ್ರ ಲೋಕದ ಎಲ್ಲ ಭಾಷೆ. ನನ್ನನ್ನು ಅಕ್ಕ ಅನ್ನುತ್ತಾನೆ, ಒಡಹುಟ್ಟಿದವನಂತೆಯೇ ಜಗಳಕ್ಕೂ ಬರುತ್ತಾನೆ. ಒಂದು ಮಧ್ಯಾಹ್ನ ಕಳ್ಳಂಬೆಳ್ಳದಲ್ಲಿ ಮದುವೆ ಮುಗಿಸಿಕೊಂಡು ಅವನ ಕಾರಿನಲ್ಲಿ ಸಿರಾ ಕಡೆ ಬರುತ್ತಿದ್ದೆವು. ಫೋನನ್ನು ಕಾರಿನ ಸ್ಪೀಕರಿಗೆ ಸೇರಿಸಿದ.

"ಇದ್ ಕೇಳಕ್ಕ. ಈವಮ್ಮ ಇಂಗ್ಲಿಷ್‌ನಾಗೆ ಹಾಡಿ ದೊಡ್ಡ ಸ್ಟಾರ್ ಆದೋಳು. ಇದೊಂದ್ ಆಲ್ಬಮ್ ಮಾತ್ರ ಪೂರಾ ಫ್ರೆಂಚು. ಅದೂ ಎಲ್ಲಾ ಹಾಡೂ ಒಬ್ನೇ ಬರ್ದಿರಾದು. ಬೇರೆಯೋರ್ದು ಒಂದೂ ಇಲ್ಲ."

ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಪಾಪ್ ಹಾಡು ಅಂದರೆ ಕುಣಿತ, ಗದ್ದಲ ಅಂದುಕೊಂಡಿದ್ದೆ. ಇದು ಹಾಗಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಒಬ್ಬಳೇ ಪಾತ್ರೆ ಜೋಡಿಸುತ್ತಾ ಯಾರ ಜೊತೆಗೋ ಮಾತಾಡಿಕೊಂಡ ಹಾಗಿತ್ತು. ನನ್ನ ಮೈ ಜುಮ್ಮೆಂದಿತು. ಆದರೆ ಕೀಬೋರ್ಡ್‌ನವನಿಗೆ ಒಂದು ಚಟ, ಯಾವ ಹಾಡನ್ನೂ ಕೊನೆಯವರೆಗೆ ಕೇಳುವವನಲ್ಲ. ಎರಡನೇ ಚರಣ ಬರುತ್ತಿದ್ದಂತೆ ಬೆರಳು ಒತ್ತಿ ಮುಂದಿನದಕ್ಕೆ ಹಾರುತ್ತಿದ್ದ. ನನಗೂ ಅದು ತಪ್ಪು ಅನ್ನಿಸಲಿಲ್ಲ. ಸಿರಾ ಮುಟ್ಟುವಷ್ಟರಲ್ಲಿ ಇಡೀ ಆಲ್ಬಮ್ ಮುಗಿದಿತ್ತು.

"ನಾವೂ ಇಂಗೇ ಒಂದ್ ಮಾಡಾನ ಅಕ್ಕ. ಬರ್ದೋರು ಒಬ್ರೇ, ಹಾಡೋಳು ನೀನೊಬ್ಳೇ. ನಿನ್ ಭಾಷೆ ಅಲ್ದೇ ಇದ್ರೇ ಒಳ್ಳೇದು, ಆಗ ನೀನು ಹುಷಾರಾಗಿ ಹಾಡ್ತೀಯ" ಅಂದ.

ಆಗ ನನಗೆ ನೆನಪಾದವರು ಪಾವಗಡದ ಕಂಡಕ್ಟರ್ ತಾತ.

ತಾತ ಮಧುಗಿರಿ-ಪಾವಗಡ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಾನು ಚಿಕ್ಕವಳಿದ್ದಾಗ ಆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಹಾಡುತ್ತಿದ್ದರು. ಎಲ್ಲ ಅವರೇ ಕಟ್ಟಿದ ತೆಲುಗು ಹಾಡು. ಶನಿವಾರ ಸಂಜೆ ಅವರ ಬೀದಿಯ ಭಜನೆಯಲ್ಲಿ ದೇವರ ಹಾಡೆಲ್ಲ ಮುಗಿದ ಮೇಲೆ ಜನ ಅವರ ಹಾಡಿಗೆ ಪೀಡಿಸುತ್ತಿದ್ದರಂತೆ. ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಅವರ ತೆಲುಗು ಹಾಡೆಲ್ಲ ಕನ್ನಡ ಅಕ್ಷರದಲ್ಲೇ ಇದ್ದವು. ನನ್ನಂಥವಳು ಓದಬಹುದಿತ್ತು, ಅರ್ಧದಷ್ಟು ತಿಳಿದುಕೊಳ್ಳಲೂಬಹುದಿತ್ತು. ಸಿನಿಮಾದಿಂದ ಕಲಿತ ನನ್ನ ತೆಲುಗು ಅಷ್ಟಕ್ಕೇ ಸಾಕಾಗುತ್ತಿದ್ದದ್ದು.

ಒಂದು ಬೆಳಿಗ್ಗೆ ಮಿಡಿಗೇಶಿ ಮೇಲೆ ಹೋಗುವ ಬಸ್ಸು ಹತ್ತಿ ಪಾವಗಡಕ್ಕೆ ಹೋದೆ. ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ, ಅವರ ಮಗಳು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಳು. ನನ್ನ ವಯಸ್ಸಿನವಳೇ. ಗೋಡೆಗೆ ಒರಗಿಕೊಂಡು ಚಾಪೆಯ ಮೇಲೆ ತಾತ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿತ್ತು. ಮಡಿಲಲ್ಲಿ ಮಕ್ಕಳ ಸ್ಲೇಟು.

"ಗಂಟ್ಲು ಆಪರೇಷನ್ ಆಯ್ತಕ್ಕ" ಅಂದಳು ಮಗಳು. "ಪ್ರಾಣ ಉಳೀತು, ಮಾಟ ಪೋಯಿಂದಿ. ಈಗ ಎಲ್ಲಾ ಸ್ಲೇಟ್‌ನಾಗೇ."

ಮಾತು ಹೋದದ್ದನ್ನು ಅವಳು ತೆಲುಗಿನಲ್ಲಿ ಹೇಳಿದಾಗ ತಾತ ತಲೆ ತಗ್ಗಿಸಿದರು. ನಾನು ಬಂದ ಕಾರಣ ಹೇಳಿದೆ. ಹತ್ತು ಹಾಡು, ಎಲ್ಲ ನಿಮ್ಮವೇ, ಹಾಡುವವಳು ನಾನೊಬ್ಬಳೇ, ಫೋನಿನಲ್ಲಿ ಲೋಕವೆಲ್ಲ ಕೇಳುತ್ತದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ನನ್ನ ಮುಖವನ್ನಲ್ಲ, ಗಂಟಲನ್ನು. ಆಮೇಲೆ ಮಗಳಿಗೆ ಸನ್ನೆ ಮಾಡಿ ಒಳಗಿನಿಂದ ನೋಟ್‌ಬುಕ್ಕುಗಳನ್ನು ತರಿಸಿ, ಹತ್ತು ಹಾಡಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಒಂದೊಂದಕ್ಕೂ ಮೂರು ಚರಣ. ಎಲ್ಲದರ ಧಾಟಿಯೂ ಬಸ್ಸಿನ ದಿನಗಳಿಂದ ನನ್ನ ಕಿವಿಯಲ್ಲಿತ್ತು. ಕೊನೆಯ ಚರಣದ ಕೊನೆಯ ಸಾಲಿನಲ್ಲಿ ಅಂಕಿತ, ಒಂದು ಹೆಂಗಸಿನ ಹೆಸರು. ಹತ್ತರಲ್ಲೂ ಅದೇ.

ಸ್ಲೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ತೋರಿಸಿದರು: "ಕೊನೆ ಚರಣ ಬಿಡಬೇಡಮ್ಮ. ಹತ್ತರಲ್ಲೂ."

"ಬಿಡಲ್ಲ ತಾತ, ನಿಮ್ಮಾಣೆಗೂ ಬಿಡಲ್ಲ" ಅಂದೆ.

ಆಣೆ ಇಟ್ಟವಳು ನಾನು. ಯಾರೂ ಇಡಿಸಿಕೊಳ್ಳಲಿಲ್ಲ.

ರೆಕಾರ್ಡಿಂಗ್ ಸಿರಾದಲ್ಲಿ, ಕೀಬೋರ್ಡ್‌ನವನ ಮನೆಯ ಹಿಂದಿನ ಕೋಣೆಯಲ್ಲಿ ಆಯಿತು. ಸದ್ದು ಬರದಿರಲೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿದ್ದ. ಒಳಗೆ ಕೂತರೆ ಹಾಸಿಗೆಯ ಗಂಟಿನಲ್ಲಿ ಕಟ್ಟಿಹಾಕಿದಂತಾಗುತ್ತಿತ್ತು. ಮಧ್ಯಾಹ್ನದ ಅಜಾನ್ ಆಗುವಾಗ ನಿಲ್ಲಿಸಿ ಅವನ ತಾಯಿ ಕೊಟ್ಟ ಚಹಾ ಕುಡಿಯುತ್ತಿದ್ದೆವು. ಮೊದಲು ಎತ್ತಿಕೊಂಡದ್ದು ಬಸ್ಸಿನ ಹಾಡು. ಟಿಕೆಟ್ ಹರಿದು ಕೊಡುವವನಿಗೆ ನಿನ್ನ ಊರು ಯಾವುದೆಂದು ಯಾರೂ ಕೇಳುವುದಿಲ್ಲ ಎಂದು ಶುರುವಾಗುತ್ತದೆ. ಬಹಳ ಚೆನ್ನಾಗಿ ಬಂತು. ಎರಡನೇ ಚರಣ ಮುಗಿಸಿ, ನೋಟ್‌ಬುಕ್ಕಿನಲ್ಲಿ ಪುಟ ತಿರುವಿ ಮೂರನೆಯದಕ್ಕೆ ಉಸಿರು ತೆಗೆದುಕೊಳ್ಳುವಾಗ ನೋಡಿದೆ, ಅವನ ಎಡಗೈಯ ಬೆರಳು ಎದ್ದಿತ್ತು.

ನಾನು ಪಲ್ಲವಿಗೆ ಹೋಗಿ ಮುಗಿಸಿಬಿಟ್ಟೆ.

"ಇನ್ನೊಂದ್ ಚರಣ ಐತಲ್ಲೋ" ಅಂದೆ, ಹೆಡ್‌ಫೋನ್ ತೆಗೆದು.

"ಬುಡಕ್ಕ. ಈಗ್ಲೇ ನಾಕ್ ನಿಮಿಷ ಆಗೈತೆ. ಯಾರ್ ಕೇಳ್ತಾರೆ ಅಷ್ಟುದ್ದ?"

"ತಾತ ಬಿಡಬ್ಯಾಡ ಅಂದವ್ರೆ."

"ಬರೆಯೋರೆಲ್ಲಾ ಅಂಗೇ ಅಂತಾರೆ. ಅವ್ರ ಹೆಸ್ರು ಅದ್ರಾಗಿರ್ತದಲ್ಲ. ಕೆಳಗೆ ದೊಡ್ದಾಗಿ ಅವ್ರ ಹೆಸ್ರು ಹಾಕಾನ, ಸಾಕಲ್ವಾ?"

ಅವನ ಮೇಲೆ ತಪ್ಪು ಹೊರಿಸಿ ನಾನು ಕೈ ತೊಳೆದುಕೊಳ್ಳಬಹುದು. ಅದು ನಿಜವಾಗುವುದಿಲ್ಲ. ಅವನು ಹೇಳಿದ್ದು ನನಗೆ ಇಷ್ಟವಾಯಿತು. ಆ ಕೊನೆಯ ಸಾಲು ಮಂದ್ರಕ್ಕೆ ಇಳಿಯುತ್ತದೆ, ಅಷ್ಟು ಕೆಳಗೆ ನನ್ನ ದನಿ ಒಡೆಯುತ್ತದೆ, ಅದೊಂದು ಕಾರಣ. ಇನ್ನೊಂದನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಆ ಹೆಸರು ತಾತ ತಮಗೆ ತಾವೇ ಇಟ್ಟುಕೊಂಡ ಕಾವ್ಯನಾಮ ಎಂದುಕೊಂಡಿದ್ದೆ. ಹೆಂಗಸಿನ ಹೆಸರಿಟ್ಟುಕೊಂಡು ಬರೆಯುವ ಎಷ್ಟು ಗಂಡಸರನ್ನು ಪತ್ರಿಕೆಗಳಲ್ಲಿ ನೋಡಿಲ್ಲ? ಇಪ್ಪತ್ತು ವರ್ಷ ಊಟಕ್ಕೆ ಎದ್ದು ಹೋಗುವವರ ಎದುರು ಹಾಡಿದ್ದೇನೆ, ಈಗ ನನ್ನ ಹೆಸರಿನಲ್ಲಿ ಒಂದು ಆಲ್ಬಮ್ ಬರುತ್ತಿದೆ, ಅದರಲ್ಲೂ ನನ್ನ ದನಿಯ ತುದಿಗೆ ಇನ್ನೊಬ್ಬರು ರುಜು ಹಾಕಬೇಕೇ? ಹಾಗೆಂದುಕೊಂಡೆ. ಒಂದರಲ್ಲಿ ಬಿಟ್ಟ ಮೇಲೆ ಉಳಿದ ಒಂಬತ್ತರಲ್ಲಿ ಬಿಡುವುದು ಸಲೀಸಾಯಿತು. ಮೂರನೇ ಚರಣಗಳನ್ನು ನಾನು ಕಲಿಯಲೂ ಇಲ್ಲ. ಕೆಲಸ ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ಪಾವಗಡದ ಬಸ್ಸಿನಲ್ಲಿ ಕಳಿಸಿಕೊಟ್ಟೆ.

ಆಲ್ಬಮ್ ನಮ್ಮ ಕಡೆ ಓಡಿತು. ಟೆಂಪೋಗಳಲ್ಲಿ, ಹೂವಿನ ಅಂಗಡಿಗಳಲ್ಲಿ, ದೊಡ್ಡೇರಿಯ ಒಂದು ಹಿಟ್ಟಿನ ಗಿರಣಿಯಲ್ಲಿ ಕೇಳಿದೆ. ತೆಲುಗು ಬರದವರೂ ಪಲ್ಲವಿ ಗುನುಗುತ್ತಿದ್ದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅದೇ ಗತ್ತಿನಲ್ಲಿ ಒಂದು ಸ್ಪೀಕರ್, ಒಂದು ಶಾಲು, ಎರಡು ಕೆಜಿ ಮೂಸಂಬಿ ಹಿಡಿದುಕೊಂಡು ತಾತನಿಗೆ ಕೇಳಿಸಲು ಪಾವಗಡಕ್ಕೆ ಹೋದೆ.

ತಾತ ಆವತ್ತು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಕೂತಿದ್ದರು. ಮಗಳು ಮೆಷಿನ್ ನಿಲ್ಲಿಸಿದಳು. ಬಸ್ಸಿನ ಹಾಡು ಹಾಕಿದೆ. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಹಾಡು ನಿಂತಿತು. ತಾಳ ನಿಲ್ಲಲಿಲ್ಲ.

ಮುಂದಿನ ಹಾಡು ಬರುವಷ್ಟರಲ್ಲಿ ತಾತ ಕೈ ಎತ್ತಿದರು. ಮಗಳು ಸ್ಪೀಕರ್ ನಿಲ್ಲಿಸಿದಳು. ಅವರ ಬೆರಳು ತೊಡೆಯ ಮೇಲೆ ತಟ್ಟುತ್ತಲೇ ಇತ್ತು, ತುಟಿ ಆಡುತ್ತಲೇ ಇತ್ತು. ದನಿಯಿಲ್ಲ, ಬರೀ ಗಾಳಿ. ಒಂದು ಚರಣದಷ್ಟು ಹೊತ್ತು ಹಾಗೇ ನಡೆಯಿತು. ಆಮೇಲೆ ಕಣ್ಣು ತೆರೆದು, ಮುಂದಿನದು ಹಾಕು ಎಂದು ತಲೆಯಾಡಿಸಿದರು. ಎರಡನೇ ಹಾಡಿಗೂ ಹಾಗೇ, ಮೂರನೆಯದಕ್ಕೂ ಹಾಗೇ. ಪ್ರತಿ ಸಲ ಹಾಡು ಶುರುವಾಗುವಾಗ ಅವರ ಮುಖ ಸ್ವಲ್ಪ ಅರಳುತ್ತಿತ್ತು, ಇದರಲ್ಲಾದರೂ ಇದೆಯೇನೋ ಎನ್ನುವಂತೆ. ನನಗೆ ನಾಲ್ಕನೆಯದರ ಹೊತ್ತಿಗೆ ಗೊತ್ತಾಯಿತು, ನಾನು ಬಿಟ್ಟದ್ದನ್ನು ಅವರು ತುಂಬಿಸಿಕೊಳ್ಳುತ್ತಿದ್ದಾರೆಂದು. ಎದ್ದು ಓಡಿಹೋಗೋಣ ಅನ್ನಿಸಿತು. ಇನ್ನೂ ಆರು ಹಾಡು ಬಾಕಿ ಇತ್ತು. ಹತ್ತಕ್ಕೆ ಹತ್ತನ್ನೂ ಕೂತು ಕೇಳಿದೆ. ಹತ್ತು ಸಲವೂ ಆ ದನಿಯಿಲ್ಲದ ತುಟಿ ನೋಡಿದೆ.

ಕೊನೆಗೆ ಸ್ಲೇಟಿನ ಮೇಲೆ ಬರೆದರು: "ಬಾಗುಂದಿ." ಚೆನ್ನಾಗಿದೆ ಅಂತ. ಬರೆದು, ನನ್ನ ಕಡೆ ತಿರುಗಿಸಿ, ತಾವೇ ಒದ್ದೆ ಬಟ್ಟೆಯಿಂದ ಒರೆಸಿದರು.

ಬಸ್‌ಸ್ಟ್ಯಾಂಡಿನವರೆಗೆ ಮಗಳು ನನ್ನ ಜೊತೆ ನಡೆದು ಬಂದಳು. ಅರ್ಧ ದಾರಿ ಬಂದಾಗ ನಾನೇ ಬಾಯಿ ಬಿಟ್ಟೆ.

"ತಾತಂಗೆ ಬ್ಯಾಸರ ಆಯ್ತಾ? ಅವ್ರ ಕಾವ್ಯನಾಮ ಬಿಟ್ಟೋಯ್ತು ಅಂತ?"

ಅವಳು ನಿಂತುಬಿಟ್ಟಳು. "ಕಾವ್ಯನಾಮ ಅಂದ್ರೇನಕ್ಕ? ಅದು ಅಮ್ಮನ ಹೆಸ್ರು."

ರಸ್ತೆಯ ಪಕ್ಕದಲ್ಲಿ ಕಡಲೆಕಾಯಿ ಮೂಟೆಗಳ ಲಾರಿ ನಿಂತಿತ್ತು. ಅದರ ನೆರಳಿನಲ್ಲಿ ನಿಂತು ಅವಳು ಹೇಳಿದ್ದನ್ನು ನಾನು ಅದೆಷ್ಟು ಸಲ ನೆನೆದಿದ್ದೇನೋ.

"ನಮ್ಮೋರಲ್ಲಿ ಗಂಡ ಹೆಂಡ್ತಿ ಒಬ್ರ ಹೆಸ್ರು ಒಬ್ರು ಹೇಳಂಗಿಲ್ಲಕ್ಕ, ಮೀಕು ತೆಲುಸು ಕದಾ, ನಿಮ್ಗೂ ಗೊತ್ತಲ್ಲ. ಮದ್ವೆ ಆಗಿ ಬಂದ್ ದಿನ ಬಾಗ್ಲಾಗೆ ಅತ್ತೆದೀರು ಅಡ್ಡ ನಿಂತ್ಕಂಡು, ಹೆಸ್ರು ಹೇಳು, ಆಮೇಲೆ ಒಳಕ್ಕೆ ಬಾ ಅಂತಾರಲ್ಲ, ಆವತ್ತೊಂದ್ಸಲ ಹೇಳಿದ್ದು ನಾಯ್ನ, ನಮ್ಮಪ್ಪ. ಆಮೇಲೆ ಯಾವತ್ತೂ ಇಲ್ಲ. 'ಇದಿಗೋ' ಅಂತ ಕರೆಯೋನು, ಅಷ್ಟೇ. ಹಾಡ್ನಾಗೆ ಮಾತ್ರ ಹೇಳೋನು. ಶನಿವಾರ ಭಜನೆನಾಗೆ ಹೆಂಗಸ್ರ ಮಧ್ಯದಾಗೆ ಅಮ್ಮ ಕೂತಿರೋಳು. ಕೊನೆ ಚರಣ ಬಂದ್ರೆ ಸಾಕು, ಸೆರಗು ಬಾಯಿಗೆ ಅಡ್ಡ ಹಿಡ್ಕಳ್ಳೋಳು. ಎಲ್ರೂ ಅಮ್ಮನ್ನೇ ನೋಡೋರು. ಅಮ್ಮ ಹೋದ್ಮೇಲೂ ನಾಯ್ನ ಒಬ್ನೇ ಕೂತ್ಕಂಡು ಹಾಡೋನು. ಈಗ ಗಂಟ್ಲು ಹೋಯ್ತಲ್ಲ. ಕರೆಯೋರಿಲ್ಲ. ಅದಕ್ಕೇ ನಿಮ್ಗೆ ಹಾಡು ಕೊಟ್ಟಿದ್ದು. ನೀವು ಕರೀತೀರ ಅಂತ ಕಾಯ್ತಿದ್ದ."

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?" ಅಂದೆ. ಕೋಪ ಬಂದಿತ್ತು, ಯಾರ ಮೇಲೋ.

"ನಿಮ್ಗೆ ಗೊತ್ತೈತೆ ಅನ್ಕಂಡಿದ್ದೆ. ನಾಯ್ನ ಹೆಂಗೆ ಹೇಳ್ತಾನೆ? ಹೇಳಿದ್ರೆ ಅಮ್ಮನ ಹೆಸ್ರು ಮಾತ್ನಾಗೆ ಬರ್ತದಲ್ಲ. ಸ್ಲೇಟ್ ಮೇಲೂ ಬರ್ಯಲ್ಲ. ಬಿಡಬೇಡ ಅಂತ ಬರ್ದಿದ್ನಲ್ಲಕ್ಕ."

ಹೌದು, ಬರೆದಿದ್ದರು. ದಪ್ಪ ಅಕ್ಷರದಲ್ಲಿ. ಕನ್ನಡದಲ್ಲೇ.

ಆವತ್ತು ಮನೆಗೆ ಬಂದವಳ ಬೆನ್ನಿಗೆ ಆ ಹೆಸರು ಬಿತ್ತು. ಅಕ್ಕಿ ತೊಳೆಯುವಾಗ ನಾಲಿಗೆಯ ತುದಿಗೆ ಬರುತ್ತಿತ್ತು. ದೇವರ ಮುಂದೆ ಕೂತರೆ ಪಂಚಾಕ್ಷರಿಯ ನಡುವೆ ನುಗ್ಗುತ್ತಿತ್ತು. ಯಾರೋ ಬಾಗಿಲಲ್ಲಿ ನಿಂತಂತಾಗಿ ತಿರುಗಿ ನೋಡುತ್ತಿದ್ದೆ, ಹಗಲು ಹೊತ್ತಿನಲ್ಲೇ. ಹೆಸರು ಹೇಳಿ ಒಳಗೆ ಬಾ ಎಂದು ನಾನೇ ಅಡ್ಡ ನಿಂತಿದ್ದೇನೆ, ಅವಳ ಹೆಸರು ನನ್ನ ಹತ್ತಿರ ಇದೆ, ನಾನು ಹೇಳುತ್ತಿಲ್ಲ ಅನ್ನಿಸುತ್ತಿತ್ತು. ನಾನೂ ಗಂಡನನ್ನು 'ರೀ' ಅನ್ನುವವಳೇ. ಒಂದು ದಿನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ, ಅವರ ಹೆಸರನ್ನು ಜೋರಾಗಿ ಹೇಳಿ ನೋಡೋಣ ಎಂದು ಬಾಯಿ ತೆರೆದೆ. ಆಗಲಿಲ್ಲ. ಗಂಟಲು ಸರಿಯಿದ್ದ ನನಗೇ ಆಗಲಿಲ್ಲ. ಕುಕ್ಕರ್ ಕೂಗಿತು, ಬೆಚ್ಚಿಬಿದ್ದೆ.

ಆಗ ಆ ಫ್ರೆಂಚ್ ಆಲ್ಬಮ್ ಮತ್ತೆ ಕೇಳಬೇಕೆನಿಸಿತು. ಆ ಹಾಡುಗಾರ್ತಿಯೂ ನನ್ನ ಹಾಗೆ ಇನ್ನೊಬ್ಬ ಬರೆದದ್ದನ್ನು ಬಾಯಿಗೆ ಹಾಕಿಕೊಂಡವಳಲ್ಲವೇ? ಅವಳೇನು ಬಿಟ್ಟಳೋ ನೋಡೋಣ ಎಂಬ ಹಟವೂ ಇತ್ತು. ಇನ್ನೊಬ್ಬಳು ಜೊತೆಗಿದ್ದರೆ ತಪ್ಪು ಹಗುರಾಗುತ್ತದಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಯಾವುದನ್ನೂ ಹಾರಿಸದೆ, ಮೊದಲ ಸಲ ಒಂದೊಂದು ಹಾಡನ್ನೂ ಕೊನೆಯವರೆಗೆ ಕೇಳಿದೆ. ಕಾರಿನಲ್ಲಿ ನಾವು ದಾಟಿ ಬಂದಿದ್ದ ಜಾಗಗಳೆಲ್ಲ ಅಲ್ಲಿದ್ದವು. ಒಂದು ಹಾಡಿನಲ್ಲಿ ಕೊನೆಗೆ ವಾದ್ಯಗಳೆಲ್ಲ ಒಂದೊಂದಾಗಿ ಸರಿದು ಹೋಗಿ, ಅವಳು ಒಬ್ಬಳೇ ಉಳಿದು, ದನಿ ತಗ್ಗಿಸಿ ನಾಲ್ಕು ಸಾಲು ಹಾಡುತ್ತಾಳೆ. ಭಾಷೆ ಗೊತ್ತಿಲ್ಲ, ಕೊನೆಯ ಚರಣ ಎನ್ನುವುದು ಗೊತ್ತಾಯಿತು. ಅವಳು ಏನನ್ನೂ ಬಿಟ್ಟಿರಲಿಲ್ಲ. ಅಷ್ಟು ದೂರದವಳು, ಅಷ್ಟು ಹೆಸರು ಮಾಡಿದವಳು, ಯಾರೋ ಒಬ್ಬ ಬರೆದ ಕೊನೆಯ ಸಾಲಿಗೆ ತಲೆ ಬಾಗಿದ್ದಳು. ನಾನು ಮನಸಾರೆ ಅತ್ತೆ.

ಕೀಬೋರ್ಡ್‌ನವನಿಗೆ ಹೇಳಿದೆ. "ಕಸಮ್ ಅಕ್ಕ, ಆಣೆಗೂ ನಂಗ್ ಗೊತ್ತಿರ್ಲಿಲ್ಲ" ಅಂದ. "ಇನ್ನೊಂದ್ಸಲ ರೆಕಾರ್ಡ್ ಮಾಡಾನ. ಪೂರ್ತಿ ಮಾಡಾನ."

"ಮಾಡ್ಬೋದು. ಹಳೇದು ಎಲ್ರ ಫೋನ್‌ನಾಗೂ ಹೋಗ್ಬುಟ್ಟೈತಲ್ಲೋ, ಅದನ್ನ ಹೆಂಗ್ ವಾಪಸ್ ತಗಳ್ತೀಯ?"



ಅದಾದ ವಾರದಲ್ಲಿ ಕೊರಟಗೆರೆಯಲ್ಲಿ ಒಂದು ಮದುವೆ. ಹುಡುಗನ ಗೆಳೆಯರು ಬಸ್ಸಿನ ಹಾಡೇ ಬೇಕೆಂದು ಕೂಗಿದರು. ಹಾಡಿದೆ. ಎರಡನೇ ಚರಣ ಮುಗಿಯಿತು. ಅವನು ಬೆರಳು ಎತ್ತಲಿಲ್ಲ, ನನ್ನನ್ನೇ ನೋಡುತ್ತಾ ಮುಂದಕ್ಕೆ ನುಡಿಸುತ್ತಾ ಹೋದ. ನಾನು ಮೂರನೆಯದಕ್ಕೆ ಬಾಯಿ ತೆರೆದೆ. ಪದಗಳಿರಲಿಲ್ಲ. ಕಲಿತಿದ್ದರೆ ತಾನೇ ಬರುವುದು? ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತೆ, ತುಟಿ ಆಡಿತು, ದನಿ ಬರಲಿಲ್ಲ. ಪಾವಗಡದ ಚಾಪೆಯ ಮೇಲೆ ಹತ್ತು ಸಲ ನೋಡಿದ ಬಾಯಿಯೇ ನನ್ನ ಮುಖಕ್ಕೆ ಬಂದು ಕೂತಿತ್ತು. ಹಾಡು ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನನಗೆ ಭಯವಾಯಿತು. ಆ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ಮರುದಿನವೇ ಪಾವಗಡದ ಬಸ್ಸು ಹತ್ತಿದೆ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಹೊರಗೆ ಅಲ್ಲಲ್ಲಿ ಸೋಲಾರ್ ಹಲಗೆಗಳು ಬಿಸಿಲಿಗೆ ಮಿಂಚುತ್ತಿದ್ದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಮನೆಯ ಹೊಸ್ತಿಲ ಹತ್ತಿರ ಬಂದಾಗ ಒಂದೂ ನೆನಪಾಗಲಿಲ್ಲ.

"ತಾತ, ತಪ್ಪಾಯ್ತು" ಅಂದೆ. "ಆಣೆ ಇಟ್ಟು ತಪ್ಪಿದೆ. ಬುಕ್ ಕೊಡಿ, ಕೊನೆ ಚರಣ ಕಲ್ತ್ಕೊಂಡು ಹೋಗಿ ಎಲ್ಲಾ ಮತ್ತೆ ಹಾಡ್ತೀನಿ."

ತಾತನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವರು ಸ್ಲೇಟು ತೆಗೆದುಕೊಂಡು ಎರಡೇ ಪದ ಬರೆದರು: "ಇಲ್ಲೇ ಹಾಡು."

ಮಗಳು ನೋಟ್‌ಬುಕ್ಕು ತಂದು ನನ್ನ ಮುಂದೆ ಬಿಚ್ಚಿಟ್ಟಳು. ಮೆಷಿನ್ ಬಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಹನ್ನೆರಡು ಗಂಟೆಯ ಬಿಸಿಲು ಬಾಗಿಲಿಂದ ಒಳಗೆ ಬಂದು ಚಾಪೆಯ ಅಂಚಿನವರೆಗೆ ಬಿದ್ದಿತ್ತು. ವಾದ್ಯವಿಲ್ಲ, ಮೈಕಿಲ್ಲ. ತಾತ ತೊಡೆಯ ಮೇಲೆ ತಾಳ ಶುರು ಮಾಡಿದರು. ಬಸ್ಸಿನ ಹಾಡನ್ನು ಪಲ್ಲವಿಯಿಂದ ಎತ್ತಿಕೊಂಡೆ. ಎರಡು ಚರಣ ದಾಟಿದೆ. ನನ್ನ ಕಣ್ಣು ಅಭ್ಯಾಸಬಲದಿಂದ ಎಲ್ಲೋ ಒಂದು ಬೆರಳನ್ನು ಹುಡುಕಿತು. ಯಾರೂ ಬೆರಳು ಎತ್ತಲಿಲ್ಲ.

"ಅಂದರೂ ದಿಗಿನಾರು" ಎಂದು ಆ ಚರಣ ಶುರುವಾಗುತ್ತದೆ. ಎಲ್ಲರೂ ಇಳಿದರು, ಬಸ್ಸು ಖಾಲಿಯಾಯಿತು, ಡ್ರೈವರೂ ಟವೆಲು ಕೊಡವಿಕೊಂಡು ಹೋದ. ನಾನೊಬ್ಬ ಬಾಗಿಲು ಹಿಡಿದು ನಿಂತಿದ್ದೇನೆ. ಕೊನೆಯ ಸೀಟಿನಲ್ಲಿ ನೀನಿನ್ನೂ ಕೂತಿದ್ದೀಯ, ಊರು ಬಂತು, ಇಳಿದು ಬಾ. ಆಮೇಲೆ ಮಂದ್ರದಲ್ಲಿ, ಆ ಹೆಸರು.

ಕರೆದೆ. ನನ್ನ ದನಿ ಅಲ್ಲಿ ಒಡೆಯಿತು. ಒಡೆದರೆ ಒಡೆಯಲಿ ಎಂದು ಪೂರ್ತಿ ಹೇಳಿ ಮುಗಿಸಿದೆ.

ತಾತನ ತಾಳ ನಿಂತಿತು. ಅವರು ಒಳಮನೆಯ ಬಾಗಿಲ ಕಡೆ ತಿರುಗಿದರು. ಮಗಳೂ ತಿರುಗಿದಳು, ನಾನೂ ತಿರುಗಿದೆ. ಬಾಗಿಲ ಪರದೆ ಅಲುಗಲೂ ಇಲ್ಲ. ತಾತ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಿದ್ದು, ಗೋಡೆಯ ಕಡೆಗೆ ಸರಿದು, ಚಾಪೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದರು. ಹತ್ತಿರ ಬಂದು ಹಾಡಲೆಂದು ನನ್ನನ್ನೇ ಕರೆಯುತ್ತಿದ್ದಾರೆ ಎಂದುಕೊಂಡು ನಾನು ಏಳಲು ಹೋದೆ.

ಮಗಳು ತೋಳು ಹಿಡಿದು ಕೂರಿಸಿದಳು. "ನಿಮ್ಗಲ್ಲಕ್ಕ" ಅಂದಳು, ಮೆಲ್ಲಗೆ.

ನಾನು ಕೂತೆ. ಆ ಜಾಗವನ್ನು ಹಾಗೇ ಬಿಟ್ಟು, ಪುಟ ತಿರುವಿ, ಎರಡನೇ ಹಾಡು ಶುರು ಮಾಡಿದೆ.